ಕ್ಯಾಬಿನೆಟ್‌ಗೆ ಯಾವ ಸ್ಕ್ರೂ? ಕಪ್ಪು, ಹಳದಿ, ಸ್ಟೀಲ್, ಕನ್ಫರ್ಮ್ಯಾಟ್

ಕಳೆದ ಮಳೆಗಾಲದಲ್ಲಿ ಕುಂದಾಪುರದ ಅಕ್ಕನ ಮನೆಗೆ ಹೋದಾಗ ಸಿಂಕ್ ಕೆಳಗಿನ ಕಪಾಟು ಒಂದು ಕಡೆ ಬಾಯಿ ಬಿಟ್ಟುಕೊಂಡಿತ್ತು. ಪಕ್ಕದ ಹಲಗೆಗೂ ತಳದ ಹಲಗೆಗೂ ನಡುವೆ ಬೆರಳು ತೂರುವಷ್ಟು ಸಂದಿ. ಬಿಚ್ಚಿ ಸರಿಮಾಡೋಣ ಅಂತ ಸ್ಕ್ರೂಡ್ರೈವರ್ ಹಾಕಿದೆ, ತಲೆ ಮಾತ್ರ ಕೈಗೆ ಬಂತು, ದೇಹ ಒಳಗೇ ಉಳಿಯಿತು. ಎಂಟರಲ್ಲಿ ಐದು ಸ್ಕ್ರೂ ಹೀಗೇ ಆದವು. ಅಕ್ಕನಿಗೆ ಸಿಟ್ಟು. "ಪ್ಲೈಗೇ ಅಷ್ಟು ದುಡ್ಡು ಕೊಟ್ಟದ್ದು ಮಾರಾಯ, ಮರೈನ್ ಪ್ಲೈಯೇ ಬೇಕು ಅಂತ ಹಟ ಹಿಡಿದು ಹಾಕಿಸಿದ್ದು!" ಪ್ಲೈಗೆ ಏನೂ ಆಗಿರಲಿಲ್ಲ, ಗಟ್ಟಿಯಾಗಿಯೇ ಇತ್ತು. ಹಿಂಜ್ ಕೂಡ ಒಳ್ಳೆಯದೇ. ಕೈಕೊಟ್ಟಿದ್ದು ಸ್ಕ್ರೂ. ಮನೆ ಮಾಡಿಸುವಾಗ ಪ್ಲೈ ಯಾವುದು, ಮೈಕಾ ಯಾವ ಬಣ್ಣ, ಡ್ರಾಯರ್ ಚಾನೆಲ್ ಯಾವ ಕಂಪನಿ ಅಂತ ಹತ್ತು ಸಲ ಕೇಳುತ್ತೇವೆ, ಸ್ಕ್ರೂ ಯಾವುದು ಅಂತ ಒಬ್ಬರೂ ಕೇಳುವುದಿಲ್ಲ. ನಾನೂ ನನ್ನ ಮನೆ ಮಾಡಿಸುವಾಗ ಕೇಳಿರಲಿಲ್ಲ.

ಆಮೇಲೆ ಒಂದಷ್ಟು ಕಪಾಟುಗಳನ್ನು ನಾನೇ ಕೂರಿಸಿದ್ದೇನೆ, ಒಂದಷ್ಟು ಸ್ಕ್ರೂ ಮುರಿದಿದ್ದೇನೆ, ಪ್ಲೈ ಅಂಚನ್ನೂ ಸೀಳಿದ್ದೇನೆ. ಅದರಿಂದ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನೀವೇ ಕೆಲಸ ಮಾಡುವವರಾದರೂ ಸರಿ, ಆಚಾರಿಯಿಂದ ಮಾಡಿಸುವವರಾದರೂ ಸರಿ.

ಮೊದಲು ಆ ಕಪ್ಪು ಸ್ಕ್ರೂ ವಿಚಾರ

ಅಕ್ಕನ ಕಪಾಟಿನಲ್ಲಿ ಇದ್ದದ್ದು ಕಪ್ಪು ಸ್ಕ್ರೂ. ಅಂಗಡಿಯಲ್ಲಿ ಇದಕ್ಕೆ ಡ್ರೈವಾಲ್ ಸ್ಕ್ರೂ ಅಥವಾ ಜಿಪ್ಸಮ್ ಸ್ಕ್ರೂ ಅಂತಾರೆ. ಹೆಸರಲ್ಲೇ ಇದೆ, ಇದು ಇರುವುದು ಜಿಪ್ಸಮ್ ಬೋರ್ಡನ್ನು ಫ್ರೇಮಿಗೆ ಹಿಡಿಸುವುದಕ್ಕೆ. ಫಾಲ್ಸ್ ಸೀಲಿಂಗ್ ಕೆಲಸದವರ ಸರಕು ಇದು. ಆದರೆ ಅಗ್ಗ, ಎಲ್ಲ ಕಡೆ ಸಿಗುತ್ತದೆ, ತುದಿ ಚೂಪಾಗಿರುತ್ತದೆ, ಡ್ರಿಲ್‌ಗೆ ಹಾಕಿ ಒತ್ತಿದರೆ ತೂತು ಗೀತು ಏನೂ ಬೇಡ, ಸರ್ರಂತ ಒಳಗೆ ಹೋಗುತ್ತದೆ. ಹಾಗಾಗಿ ಮರದ ಕೆಲಸಕ್ಕೂ ಇದೇ ಬಂದು ಕೂತಿದೆ.

ಇದರಲ್ಲಿ ಎರಡು ತೊಂದರೆ. ಒಂದು, ಇದರ ಉಕ್ಕನ್ನು ಕಾಯಿಸಿ ಗಟ್ಟಿ ಮಾಡಿರುತ್ತಾರೆ, ದಪ್ಪವೋ ಬರೀ 3.5 ಮಿಲಿಮೀಟರ್. ಗಟ್ಟಿ ಅಂದರೆ ಬಲ ಅಲ್ವಾ ಅಂತ ಅನ್ನಿಸಬಹುದು. ಇಲ್ಲ, ಇಲ್ಲಿ ಗಟ್ಟಿ ಅಂದರೆ ಬಳೆಯ ಹಾಗೆ: ಬಗ್ಗುವುದಿಲ್ಲ, ಮುರಿಯುತ್ತದೆ. ನೇರ ಎಳೆತ ತಡೆಯುತ್ತದೆ, ಅಡ್ಡ ಭಾರ ಬಿದ್ದರೆ ಪಟ್ ಅನ್ನುತ್ತದೆ. ಜಿಪ್ಸಮ್ ಬೋರ್ಡಿಗೆ ಅದು ಸಾಕು. ಕಪಾಟಿನ ಮೂಲೆಯಲ್ಲಿ ಬೀಳುವುದು ಹೆಚ್ಚಾಗಿ ಅಡ್ಡ ಭಾರವೇ. ಪಾತ್ರೆ ತುಂಬಿದ ತಳದ ಹಲಗೆ ಕೆಳಗೆ ಜಗ್ಗುತ್ತಾ ಇರುತ್ತದೆ, ಮಳೆಗಾಲದಲ್ಲಿ ಮರ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಎರಡನೆಯದು ತುಕ್ಕು. ಆ ಕಪ್ಪು ಬಣ್ಣ ಫಾಸ್ಫೇಟ್ ಲೇಪ. ಒಣ ಗೋಡೆಯೊಳಗೆ ಇದ್ದರೆ ಸರಿ, ಸಿಂಕ್ ಕೆಳಗೆ ಅಲ್ಲ. ಕರಾವಳಿಯ ಉಪ್ಪು ಗಾಳಿಯಲ್ಲಂತೂ ಕೇಳುವುದೇ ಬೇಡ.

ಹಾಗಂತ ಕಪ್ಪು ಸ್ಕ್ರೂ ಮನೆಯಲ್ಲೇ ಇರಬಾರದು ಅಂತಲ್ಲ. ಅಂಟು ಒಣಗುವ ತನಕ ಹಲಗೆಗಳನ್ನು ಹಿಡಿದಿಡಲು, ಅಳತೆ ನೋಡಲು ತಾತ್ಕಾಲಿಕವಾಗಿ ಕಟ್ಟಲು ನಾನೂ ಬಳಸುತ್ತೇನೆ. ಆಮೇಲೆ ಬಿಚ್ಚುತ್ತೇನೆ. ಒಣಗಿದ ಜಾಗದಲ್ಲಿ ಹಿಂಬದಿಯ ತೆಳು ಪ್ಲೈಗೆ ಹಾಕಿದರೂ ಆಕಾಶ ಬೀಳುವುದಿಲ್ಲ. ಕಪಾಟಿನ ಪೆಟ್ಟಿಗೆಯ ಭಾರ ಹೊರುವ ಜಾಗಕ್ಕೆ ಮಾತ್ರ ಬೇಡ.

ಹಾಗಾದರೆ ಹಳದಿ

ಹೆಚ್ಚಿನ ಮನೆಗಳ ಪ್ಲೈವುಡ್ ಕಪಾಟಿಗೆ ನನ್ನ ಉತ್ತರ ಇದೇ: ಚಿಪ್‌ಬೋರ್ಡ್ ಸ್ಕ್ರೂ. ಹಳದಿ ಜಿಂಕ್ ಲೇಪ ಇರುತ್ತದೆ, ಬಿಳಿ ಜಿಂಕ್‌ನಲ್ಲೂ ಬರುತ್ತದೆ. ಥ್ರೆಡ್ (ಮೈಮೇಲಿನ ಸುರುಳಿ ಗೆರೆ) ಆಳವಾಗಿರುತ್ತದೆ, ಸಾಲುಗಳ ನಡುವೆ ಅಂತರ ಜಾಸ್ತಿ, ಹಾಗಾಗಿ ಮರದ ನಾರನ್ನು, ಪುಡಿಯಿಂದ ಮಾಡಿದ ಬೋರ್ಡನ್ನು ಚೆನ್ನಾಗಿ ಕಚ್ಚುತ್ತದೆ. ತಲೆಯ ಅಡಿಭಾಗ ಇಳಿಜಾರು, ಹಲಗೆಗೆ ಸಮವಾಗಿ ಕೂರುತ್ತದೆ. ದಪ್ಪ 4 ಅಥವಾ 4.5 ಮಿಮೀ ಸಿಗುತ್ತದೆ. ಅರ್ಧ ಮಿಮೀ ವ್ಯತ್ಯಾಸ ಏನು ಮಹಾ ಅನ್ನಬೇಡಿ, ಅಡ್ಡ ಭಾರ ತಡೆಯುವುದರಲ್ಲಿ ಅದು ಎದ್ದು ಕಾಣುತ್ತದೆ.

ಈ ಜಾತಿಯ ಸ್ಕ್ರೂ ಹುಟ್ಟಿದ್ದೇ ಪಾರ್ಟಿಕಲ್ ಬೋರ್ಡ್, ಅಂದರೆ ಮರದ ಪುಡಿ ಒತ್ತಿ ಮಾಡಿದ ಚಿಪ್‌ಬೋರ್ಡ್, ಅದರ ಕಾಟದಿಂದ. ಹಳೇ ಮರದ ಸ್ಕ್ರೂ ಆ ಬೋರ್ಡಿನಲ್ಲಿ ನಿಲ್ಲುತ್ತಿರಲಿಲ್ಲ. ಜರ್ಮನಿಯಲ್ಲಿ 1967ರಲ್ಲಿ ಸ್ಪ್ಯಾಕ್ಸ್ ಅನ್ನುವ ಹೆಸರಿನ ಸ್ಕ್ರೂ ಬಂತು. ಪಾರ್ಟಿಕಲ್ ಬೋರ್ಡಿಗೆ ಜರ್ಮನ್ ಭಾಷೆಯಲ್ಲಿ ಸ್ಪಾನ್‌ಪ್ಲಾಟೆ ಅಂತಾರೆ, ಹೆಸರಿನ ಮೊದಲ ಅಕ್ಷರಗಳು ಅಲ್ಲಿಂದ. ಆದರೆ ಪ್ಲೈಗೂ ಗಟ್ಟಿ ಮರಕ್ಕೂ ಇದೇ ಒಗ್ಗಿಹೋಯಿತು.

ಕೊಳ್ಳುವಾಗ ಒಂದು ವಿಷಯ ನೋಡಿ. ಉದ್ದದ ಸ್ಕ್ರೂಗಳಲ್ಲಿ ಕೆಲವಕ್ಕೆ ತುದಿಯಿಂದ ತಲೆವರೆಗೂ ಥ್ರೆಡ್ ಇರುತ್ತದೆ, ಕೆಲವಕ್ಕೆ ತಲೆಯ ಕೆಳಗೆ ಸ್ವಲ್ಪ ಭಾಗ ನುಣ್ಣಗಿರುತ್ತದೆ. ಎರಡು ಹಲಗೆ ಜೋಡಿಸಲು ನುಣ್ಣಗಿನ ಕುತ್ತಿಗೆ ಇರುವುದೇ ಒಳ್ಳೆಯದು. ಯಾಕೆ ಅನ್ನುವುದು ತೂತಿನ ವಿಷಯ ಬಂದಾಗ ಹೇಳುತ್ತೇನೆ.

ಸ್ಟೀಲ್ ಯಾರಿಗೆ, ಹಿತ್ತಾಳೆ ಯಾರಿಗೆ

ಬೆಂಗಳೂರು, ಮೈಸೂರು, ಹುಬ್ಬಳ್ಳಿ ಕಡೆ ಒಣಗಿದ ಕೋಣೆಯ ವಾರ್ಡ್‌ರೋಬ್‌ಗೆ ಸ್ಟೇನ್‌ಲೆಸ್ ಸ್ಟೀಲ್ ಸ್ಕ್ರೂ ಹಾಕಿಸುವುದು ನನ್ನ ಪ್ರಕಾರ ದುಡ್ಡು ದಂಡ. ಹಳದಿ ಸಾಕು. ಆದರೆ ಸಿಂಕ್ ಕೆಳಗಿನ ಪೆಟ್ಟಿಗೆ, ಬಚ್ಚಲುಮನೆಯ ಕಪಾಟು, ಬಟ್ಟೆ ಒಗೆಯುವ ಜಾಗ, ಇವಕ್ಕೆ ಎಲ್ಲೇ ಇದ್ದರೂ ಸ್ಟೀಲ್ ಹಾಕಿ. ಕಾರವಾರದಿಂದ ಮಂಗಳೂರಿನವರೆಗೆ ಕಡಲಿನ ಪಕ್ಕ ಇರುವವರು ಅಡುಗೆಮನೆ ಪೂರ್ತಿ ಸ್ಟೀಲ್ ಹಾಕಿಸಿದರೂ ತಪ್ಪಿಲ್ಲ. ಬೆಲೆ ಹಳದಿಯ ಹಲವು ಪಟ್ಟು ಆಗುತ್ತದೆ, ನಿಜ. ಆದರೂ ಇಡೀ ಅಡುಗೆಮನೆಯ ಖರ್ಚಿನಲ್ಲಿ ಅದು ಅಷ್ಟೇನೂ ಕಣ್ಣಿಗೆ ಬೀಳುವುದಿಲ್ಲ.

ಸ್ಟೀಲ್ ಅಂದಾಗ ಗ್ರೇಡ್ ಕೇಳಿ. 304 ಅಂದರೆ ಸುಮಾರು 18 ಭಾಗ ಕ್ರೋಮಿಯಂ, 8 ಭಾಗ ನಿಕಲ್. 202ರಲ್ಲಿ ನಿಕಲ್ ಕಡಿಮೆ ಮಾಡಿ ಮ್ಯಾಂಗನೀಸ್ ಹಾಕಿರುತ್ತಾರೆ, ಬೆಲೆ ಕಡಿಮೆ, ಉಪ್ಪು ಗಾಳಿಗೆ ತಾಳಿಕೆಯೂ ಕಡಿಮೆ. ಅಂಗಡಿಯಲ್ಲಿ ಆಯಸ್ಕಾಂತ ಹಿಡಿದು ತೋರಿಸಿ "ನೋಡಿ ಅಂಟುತ್ತಿಲ್ಲ, ಪಕ್ಕಾ 304" ಅಂದರೆ ನಂಬಬೇಡಿ. 202 ಕೂಡ ಹೆಚ್ಚುಕಡಿಮೆ ಅಂಟುವುದಿಲ್ಲ. ಇನ್ನು ಅಪ್ಪಟ 304 ಕೂಡ ಸ್ಕ್ರೂ ಮಾಡುವಾಗ ಒತ್ತಿ ಎಳೆದ ಕಾರಣಕ್ಕೆ ಸ್ವಲ್ಪ ಅಂಟಬಹುದು. ಆಯಸ್ಕಾಂತದಿಂದ ಗಟ್ಟಿಯಾಗಿ ಗೊತ್ತಾಗುವುದು ಒಂದೇ: ಜೋರಾಗಿ ಅಂಟಿದರೆ ಅದು ಈ ಎರಡೂ ಅಲ್ಲ. ಡಬ್ಬಿಯ ಮೇಲೆ ಗ್ರೇಡ್ ಮತ್ತು ಕಂಪನಿ ಹೆಸರು ಇರುವುದನ್ನೇ ತೆಗೆದುಕೊಂಡು, ಬಿಲ್ಲಿನಲ್ಲೂ ಬರೆಸಿ. ತೂಕಕ್ಕೆ ಬಿಡಿಯಾಗಿ ಕೊಡುವ ಸ್ಟೀಲ್ ಸ್ಕ್ರೂ ಏನು ಬೇಕಾದರೂ ಆಗಿರಬಹುದು.

ಇನ್ನೊಂದು, ಸ್ಟೀಲ್ ಸ್ಕ್ರೂ ಹಳದಿಯಷ್ಟು ಗಟ್ಟಿ ಇಲ್ಲ, ಮೆತ್ತಗೆ. ತೂತು ಕೊರೆಯದೆ ಡ್ರಿಲ್‌ನಲ್ಲಿ ಒತ್ತಿದರೆ ತಲೆಯ ಗೀರು ಸವೆಯುತ್ತದೆ ಅಥವಾ ಕುತ್ತಿಗೆಯಲ್ಲಿ ತಿರುಚಿಕೊಂಡು ತುಂಡಾಗುತ್ತದೆ. ಕೆಲಸದವರು "ಸ್ಟೀಲ್ ಸ್ಕ್ರೂ ಸರಿ ಇಲ್ಲ ಸರ್, ಮುರೀತದೆ" ಅನ್ನುವುದು ಇದೇ ಕಾರಣಕ್ಕೆ. ತಪ್ಪು ಸ್ಕ್ರೂದಲ್ಲ, ಕೊರೆಯದೇ ಹೊಡೆದದ್ದರದು.

ಹಿತ್ತಾಳೆ ಇನ್ನೂ ಮೆತ್ತಗೆ. ಪೆಟ್ಟಿಗೆ ಕಟ್ಟಲು ಅದು ಅಲ್ಲವೇ ಅಲ್ಲ. ತೇಗ, ಹೊನ್ನೆ, ಮತ್ತಿಯಂಥ ಮರದ ಹಳೇ ಕಪಾಟಿಗೆ ಹಿತ್ತಾಳೆ ಬಿಜಾಗರ ಹಾಕುತ್ತಿದ್ದರೆ ಅದಕ್ಕೆ ಹಿತ್ತಾಳೆ ಸ್ಕ್ರೂವೇ ಚೆಂದ. ಹಳೇ ಆಚಾರಿಗಳು ಒಂದು ಉಪಾಯ ಮಾಡುತ್ತಾರೆ: ತೂತು ಕೊರೆದು, ಅದೇ ಅಳತೆಯ ಕಬ್ಬಿಣದ ಸ್ಕ್ರೂ ಮೊದಲು ಹಾಕಿ ತೆಗೆಯುತ್ತಾರೆ, ಥ್ರೆಡ್‌ನ ದಾರಿ ಬಿದ್ದ ಮೇಲೆ ಹಿತ್ತಾಳೆಯದಕ್ಕೆ ಚೂರು ಮೇಣ ಅಥವಾ ಸೋಪು ಸವರಿ ಕೈಯಲ್ಲೇ ತಿರುಗಿಸುತ್ತಾರೆ. ಒಂದೂ ಮುರಿಯುವುದಿಲ್ಲ.

ಪ್ಲೈ ಅಲ್ಲ, ಪಾರ್ಟಿಕಲ್ ಬೋರ್ಡ್ ಆದರೆ ಲೆಕ್ಕವೇ ಬೇರೆ

ಪ್ಲೈವುಡ್ ಪೆಟ್ಟಿಗೆಯಲ್ಲಿ ಮೂಲೆ ಹಿಡಿಯುವ ಅರ್ಧ ಕೆಲಸ ಫೆವಿಕಾಲ್ ಮಾಡುತ್ತದೆ. ಬರೀ ಮರಕ್ಕೆ ಬರೀ ಮರ ಅಂಟಿದರೆ, ಅಂಟು ಒಣಗಿದ ಮೇಲೆ ಸ್ಕ್ರೂ ಒಂಥರಾ ಕಾವಲುಗಾರ ಇದ್ದ ಹಾಗೆ. ಆದರೆ ಫ್ಯಾಕ್ಟರಿಯಿಂದಲೇ ಮೇಲ್ಪದರ ಅಂಟಿಸಿಕೊಂಡು ಬರುವ ಪ್ರೀಲ್ಯಾಮಿನೇಟೆಡ್ ಬೋರ್ಡ್ ಇದೆಯಲ್ಲ, ಅದರ ನುಣುಪು ಮುಖಕ್ಕೆ ಬಿಳಿ ಅಂಟು ಹಿಡಿಯುವುದೇ ಇಲ್ಲ. ಹಾಗಾಗಿ ಪೂರ್ತಿ ಭಾರ ಸ್ಕ್ರೂ ಮೇಲೆ. ಅದೂ ಪಾರ್ಟಿಕಲ್ ಬೋರ್ಡಿನ ಅಂಚಿನಲ್ಲಿ, ಅಂದರೆ ಆ ಬೋರ್ಡಿನ ಅತಿ ದುರ್ಬಲ ಜಾಗದಲ್ಲಿ.

ಇಲ್ಲಿ ಬರುವುದು ಕನ್ಫರ್ಮ್ಯಾಟ್. ಹೇಫೆಲೆ ಅನ್ನುವ ಕಂಪನಿ ಇಟ್ಟ ಹೆಸರು ಅದು, ಈಗ ಯಾರು ಮಾಡಿದರೂ ಹಾಗೇ ಕರೆಯುತ್ತಾರೆ. ಸಾಮಾನ್ಯವಾಗಿ 7 ಮಿಮೀ ದಪ್ಪ, 50 ಮಿಮೀ ಉದ್ದ, ತುದಿ ಮೊಂಡು, ಅಲೆನ್ ಕೀಲಿಯಿಂದ ತಿರುಗಿಸುವ ತಲೆ. ನೋಡಲು ಬೋಲ್ಟ್ ಥರ ಇದೆ. ದಪ್ಪ ದೇಹ, ಅಗಲ ಥ್ರೆಡ್, ಪುಡಿ ಬೋರ್ಡಿನಲ್ಲಿ ಇದರಷ್ಟು ಚೆನ್ನಾಗಿ ಕೂರುವ ಸ್ಕ್ರೂ ನಾನು ಬಳಸಿಲ್ಲ. ಆದರೆ ಅಂಚಿನ ಹಲಗೆಗೆ 5 ಮಿಮೀ ತೂತು, ಮುಖದ ಹಲಗೆಗೆ 7 ಮಿಮೀ ತೂತು, ನೆಟ್ಟಗೆ ಒಂದೇ ಗೆರೆಯಲ್ಲಿ ಬೇಕೇ ಬೇಕು. ಇದಕ್ಕಂತಲೇ ಮೆಟ್ಟಿಲು ಮೆಟ್ಟಿಲಾದ ಡ್ರಿಲ್ ಬಿಟ್ ಬರುತ್ತದೆ, ಒಂದೇ ಸಲಕ್ಕೆ ಎರಡೂ ತೂತು, ತಲೆ ಕೂರುವ ಗುಳಿಯೂ ಆಗುತ್ತದೆ. ಅದಿಲ್ಲದೆ ಕನ್ಫರ್ಮ್ಯಾಟ್ ಕೆಲಸಕ್ಕೆ ಇಳಿಯಬೇಡಿ. ತಲೆ ಹೊರಗೆ ಕಾಣುತ್ತದೆ, ಪ್ಲಾಸ್ಟಿಕ್ ಮುಚ್ಚಳ ಹಾಕಬೇಕು.

ಕಾಣಬಾರದು ಅಂದರೆ ಮಿನಿಫಿಕ್ಸ್. ರಟ್ಟಿನ ಡಬ್ಬಿಯಲ್ಲಿ ಬಿಡಿಯಾಗಿ ಬಂದು ಮನೆಯಲ್ಲಿ ಜೋಡಿಸುವ ಮೇಜು, ಕಪಾಟುಗಳಲ್ಲಿ ಒಂದು ದುಂಡನೆಯ ಬಿಲ್ಲೆ ತಿರುಗಿಸಿ ಬಿಗಿಮಾಡುತ್ತೀರಲ್ಲ, ಅದೇ. ಬಿಲ್ಲೆಗೆ ಸಾಮಾನ್ಯವಾಗಿ 15 ಮಿಮೀ ತೂತು ಬೇಕು. ಬಿಚ್ಚಿ ಮತ್ತೆ ಜೋಡಿಸಬಹುದು ಅನ್ನುವುದು ಇದರ ದೊಡ್ಡ ಗುಣ, ಬಾಡಿಗೆ ಮನೆಯವರಿಗೆ ಅನುಕೂಲ. ಕೈಯಲ್ಲಿ ತೂತು ಕೊರೆದು ಅಳತೆ ಕೂರಿಸುವುದು ಮಾತ್ರ ತಲೆನೋವು. ಮೆಷಿನ್‌ನಲ್ಲಿ ಕೊರೆಸಿದರೆ ಮಾತ್ರ ಇದರ ಸಹವಾಸ ಮಾಡಿ.

ಮರದ ನಾರು ಒತ್ತಿ ಮಾಡುವ ಎಂಡಿಎಫ್, ಎಚ್‌ಡಿಎಚ್‌ಎಂಆರ್ ಬೋರ್ಡಿಗೆ ಹಳದಿ ಸ್ಕ್ರೂ ನಡೆಯುತ್ತದೆ, ಆದರೆ ಅಂಚಿನಲ್ಲಿ ಪೈಲಟ್ ತೂತು (ಮೊದಲೇ ಕೊರೆದ ಸಣ್ಣ ತೂತು) ಇಲ್ಲದೆ ಹಾಕಿದರೆ ಬೋರ್ಡ್ ಹೊಟ್ಟೆ ಉಬ್ಬಿಸಿಕೊಂಡು ಸೀಳುತ್ತದೆ. ಮೈಕಾ ಅಂಟಿಸಿದ ಮೇಲೂ ಆ ಉಬ್ಬು ಕಾಣುತ್ತದೆ.

ನಂಬರ್, ಇಂಚು, ಮಿಲಿಮೀಟರ್

ಅಂಗಡಿಯಲ್ಲಿ ತಲೆ ಕೆಡುವುದು ಇಲ್ಲಿ. ಕೆಲವು ಡಬ್ಬಿಯಲ್ಲಿ 8x50, ಕೆಲವದರಲ್ಲಿ 4x50. ಮೊದಲನೆಯದು 8 ಮಿಮೀ ಅಲ್ಲ, 8 ನಂಬರ್. ಹಳೇ ಇಂಗ್ಲಿಷ್ ಲೆಕ್ಕ ಅದು: ಸೊನ್ನೆ ನಂಬರ್ ಅಂದರೆ 0.060 ಇಂಚು ದಪ್ಪ, ಅಲ್ಲಿಂದ ಮುಂದೆ ಪ್ರತಿ ನಂಬರಿಗೆ 0.013 ಇಂಚು ಸೇರಿಸುತ್ತಾ ಹೋಗಿ. 6 ನಂಬರ್ ಸುಮಾರು 3.5 ಮಿಮೀ, 8 ನಂಬರ್ 4.2, 10 ನಂಬರ್ 4.8. ಈ ಮೂರು ನೆನಪಿದ್ದರೆ ಸಾಕು, ಕಪಾಟಿನ ಕೆಲಸಕ್ಕೆ ಬೇರೆ ನಂಬರ್ ಬೇಕಾಗುವುದು ಅಪರೂಪ.

ಉದ್ದ ಎಷ್ಟು? ನಮ್ಮಲ್ಲಿ ಪೆಟ್ಟಿಗೆ ಕಟ್ಟುವುದು ಹೆಚ್ಚಾಗಿ 18 ಮಿಮೀ ಪ್ಲೈಯಲ್ಲಿ. ಪಕ್ಕದ ಹಲಗೆಯ ಮುಖದಿಂದ ತಳದ ಹಲಗೆಯ ಅಂಚಿಗೆ ಹಾಕುವ ಸ್ಕ್ರೂ 50 ಮಿಮೀ ಇರಲಿ, ಅಂದರೆ ಎರಡಿಂಚು. 18 ಮೊದಲ ಹಲಗೆಗೆ ಹೋದರೆ 32 ಮಿಮೀ ಅಂಚಿನೊಳಗೆ ಕಚ್ಚುತ್ತದೆ. ಒಂದೂವರೆ ಇಂಚಿನದು ಹಾಕಿ ಮುಗಿಸುವವರಿದ್ದಾರೆ, ಆಗ ಕಚ್ಚುವುದು 20 ಮಿಮೀ ಮಾತ್ರ. ಅಂಚಿನ ಕಡೆಯಿಂದ ಹೋದ ಸ್ಕ್ರೂ ಪದರಗಳ ನಡುವೆ ಕೂರುತ್ತದೆ, ಮುಖದಿಂದ ಹೋದಷ್ಟು ಹಿಡಿತ ಅಲ್ಲಿರುವುದಿಲ್ಲ, ಅದಕ್ಕೇ ಉದ್ದ ಬೇಕು.

ಪಕ್ಕಪಕ್ಕದ ಎರಡು ಪೆಟ್ಟಿಗೆ ಜೋಡಿಸುವಾಗ ಉಲ್ಟಾ ಲೆಕ್ಕ. 18ಕ್ಕೆ 18 ಸೇರಿ 36, ಮೈಕಾ ಸೇರಿದರೆ ಇನ್ನೊಂದೆರಡು. ಅಲ್ಲಿ 30 ಮಿಮೀ ಸಾಕು, 40 ಹಾಕಿದರೆ ಆ ಕಡೆ ಮೂತಿ ಹೊರಗೆ ಬಂದು ಕೈ ಗೀರುತ್ತದೆ. ಹಿಂಬದಿಯ 6 ಮಿಮೀ ಪ್ಲೈಗೆ 25 ಮಿಮೀ ಸಾಕು.

ತೂತು ಕೊರೆಯದಿದ್ದರೆ ಯಾವ ಸ್ಕ್ರೂ ತಂದರೂ ಒಂದೇ

ಇದನ್ನು ಸ್ವಲ್ಪ ಜಾಸ್ತಿ ಹೇಳುತ್ತೇನೆ, ಯಾಕೆಂದರೆ ಮುಕ್ಕಾಲು ಪಾಲು ಕೆಲಸ ಕೆಡುವುದು ಇಲ್ಲಿ. ಅಂಗಡಿಯಿಂದ ಎಷ್ಟೇ ಒಳ್ಳೆಯ ಸ್ಕ್ರೂ ತನ್ನಿ, ಅದನ್ನು ಸುತ್ತಿಗೆಯಲ್ಲಿ ಮುಕ್ಕಾಲು ಹೊಡೆದು ಕೊನೆಗೆ ನಾಲ್ಕು ಸುತ್ತು ತಿರುಗಿಸಿದರೆ ಅದು ಸ್ಕ್ರೂ ಅಲ್ಲ, ದುಬಾರಿ ಮೊಳೆ. ಥ್ರೆಡ್ ಕಚ್ಚಬೇಕಾದ ನಾರನ್ನೆಲ್ಲ ಹರಿದುಕೊಂಡು ಹೋಗಿರುತ್ತದೆ. ಎಷ್ಟು ಮನೆಗಳಲ್ಲಿ ನೋಡಿದ್ದೇನೋ ಲೆಕ್ಕವಿಲ್ಲ.

ಎರಡು ತೂತು ಬೇಕು, ಒಂದಲ್ಲ. ಸ್ಕ್ರೂ ಕಚ್ಚಬೇಕಾದ ಹಲಗೆಗೆ ಸಣ್ಣದು, ಇದೇ ಪೈಲಟ್. 4 ಮಿಮೀ ಸ್ಕ್ರೂಗೆ ಪ್ಲೈಯಲ್ಲಿ 2.5, ಗಟ್ಟಿ ಮರದಲ್ಲಿ 3 ಮಿಮೀ. 3.5ರ ಸ್ಕ್ರೂಗೆ 2 ಸಾಕು. ಥ್ರೆಡ್ ಬಿಟ್ಟು ನಡುವಿನ ಕಂಬಿ ಎಷ್ಟು ದಪ್ಪವೋ ಹೆಚ್ಚುಕಡಿಮೆ ಅಷ್ಟು. ಡ್ರಿಲ್ ಬಿಟ್ಟನ್ನು ಸ್ಕ್ರೂ ಮುಂದೆ ಹಿಡಿದು ಬೆಳಕಿಗೆ ನೋಡಿ, ಎರಡೂ ಪಕ್ಕ ಥ್ರೆಡ್ ಮಾತ್ರ ಕಂಡರೆ ಅಳತೆ ಸರಿ. ಇನ್ನೊಂದು ತೂತು ಮೊದಲ ಹಲಗೆಗೆ, ಅದು ದೊಡ್ಡದು, ಸ್ಕ್ರೂ ಸಲೀಸಾಗಿ ಜಾರುವಷ್ಟು. 4 ಮಿಮೀ ಸ್ಕ್ರೂಗೆ 4.5ರ ತೂತು. ಯಾಕೆ? ಮೊದಲ ಹಲಗೆಯಲ್ಲೂ ಥ್ರೆಡ್ ಕಚ್ಚಿಕೊಂಡರೆ ಎರಡು ಹಲಗೆಯ ನಡುವೆ ಇದ್ದ ಸಂದಿ ಹಾಗೇ ಉಳಿಯುತ್ತದೆ, ಎಷ್ಟು ತಿರುಗಿಸಿದರೂ ಹತ್ತಿರ ಬರುವುದಿಲ್ಲ. ಜಾರುವ ತೂತು ಇದ್ದರೆ ತಲೆ ಮೊದಲ ಹಲಗೆಯನ್ನು ಒತ್ತಿ ಎಳೆದು ಎರಡನೆಯದಕ್ಕೆ ಅಪ್ಪಿಸುತ್ತದೆ. ನುಣ್ಣಗಿನ ಕುತ್ತಿಗೆಯ ಸ್ಕ್ರೂ ಒಳ್ಳೆಯದು ಅಂದದ್ದೂ ಇದಕ್ಕೇ. ಅಕ್ಕನ ಕಪಾಟಿನಲ್ಲಿ ಉಳಿದ ಮೂಲೆಗಳಲ್ಲೂ ಕೂದಲೆಳೆ ಸಂದಿ ಇತ್ತು, ಮೊದಲ ದಿನದಿಂದಲೇ ಇದ್ದಿರಬೇಕು. ಆ ಸಂದಿಯಲ್ಲಿ ನೀರು ಕೂತು ಸ್ಕ್ರೂ ತಿಂದಿದೆ.

ಹಲಗೆಯ ಕೊನೆಯಿಂದ ಪ್ಲೈಯಲ್ಲಿ ಒಂದಿಂಚಾದರೂ ಒಳಗೆ ಹಾಕಿ, ಪಾರ್ಟಿಕಲ್ ಬೋರ್ಡಿನಲ್ಲಿ ಎರಡಿಂಚು. ಸ್ಕ್ರೂಯಿಂದ ಸ್ಕ್ರೂಗೆ ಆರರಿಂದ ಎಂಟಿಂಚು ಅಂತರ. ಜಾಸ್ತಿ ಹಾಕಿದರೆ ಜಾಸ್ತಿ ಗಟ್ಟಿ ಅಂದುಕೊಂಡು ಸಾಲಾಗಿ ಬಿಗಿದರೆ ಅಂಚಿನಲ್ಲಿ ಸೀಳು ಬಿಡುತ್ತದೆ. ಕೊನೆಯ ಎರಡು ಸುತ್ತು ಕೈಯಲ್ಲಿ ತಿರುಗಿಸಿ, ಅಥವಾ ಡ್ರಿಲ್ಲಿನ ಕ್ಲಚ್ (ತಿರುಗಿಸುವ ಬಲದ ಮಿತಿ) ಕಡಿಮೆ ಮಾಡಿ. ಪಾರ್ಟಿಕಲ್ ಬೋರ್ಡಿನಲ್ಲಿ ಒಂದೇ ಒಂದು ಸುತ್ತು ಜಾಸ್ತಿಯಾದರೂ ಒಳಗೆ ಪುಡಿಯಾಗಿ ಸ್ಕ್ರೂ ಸುಮ್ನೆ ತಿರುಗುತ್ತಾ ಇರುತ್ತದೆ.

ಸ್ಕ್ರೂ ತಿರುಗಿಸುವ ಬಿಟ್ ಬಗ್ಗೆ ಒಂದು ಮಾತು. ತಲೆಯ ಮೇಲೆ ಬರೀ ಕೂಡಿಸುವ ಗುರುತು ಇದ್ದರೆ ಅದು ಫಿಲಿಪ್ಸ್, ಅದರ ಮಧ್ಯೆ ಓರೆಯಾಗಿ ಇನ್ನೂ ನಾಲ್ಕು ಸಣ್ಣ ಗೆರೆ ಇದ್ದರೆ ಪೋಜಿಡ್ರೈವ್. ಹಳದಿ ಸ್ಕ್ರೂಗಳಲ್ಲಿ ಪೋಜಿ ಬಹಳ. ಫಿಲಿಪ್ಸ್‌ನ ಪಿಎಚ್2 ಬಿಟ್ ಅದರಲ್ಲಿ ಕೂತ ಹಾಗೆ ಕಾಣುತ್ತದೆ, ಒತ್ತಿ ತಿರುಗಿಸಿದಾಗ ಎಗರಿ ತಲೆ ಸವೆಸುತ್ತದೆ. ಪೋಜಿಯ ಪಿಜಡ್2 ಬಿಟ್ ಒಂದು ಕೊಂಡಿಡಿ.

ಹಿಂಜ್, ಚಾನೆಲ್, ಗೋಡೆ

ಶಟರ್‌ಗೆ, ಅಂದರೆ ಕಪಾಟಿನ ಬಾಗಿಲಿಗೆ, ಹಿಂಜ್ ಹಾಕಲು 16 ಮಿಮೀ ಉದ್ದದ 3.5 ಅಥವಾ 4 ಮಿಮೀ ಸ್ಕ್ರೂ ಸರಿ. 19 ಹಾಕಿದರೆ 18ರ ಶಟರ್‌ನಲ್ಲಿ ಹೊರಗಿನ ಮೈಕಾಗೆ ಗುಬುಟು ಎದ್ದು ನಿಲ್ಲುತ್ತದೆ, ಆ ನೋವು ಅನುಭವಿಸಿದವರಿಗೇ ಗೊತ್ತು. ಪಾರ್ಟಿಕಲ್ ಬೋರ್ಡ್ ಪೆಟ್ಟಿಗೆಯಾದರೆ ಹಿಂಜ್‌ನ ಪ್ಲೇಟಿಗೆ ಯೂರೋ ಸ್ಕ್ರೂ ಕೇಳಿ. ಗಿಡ್ಡ, ದಪ್ಪ, 5 ಮಿಮೀ ತೂತಿನಲ್ಲಿ ಕೂರುತ್ತದೆ. ಫ್ಯಾಕ್ಟರಿ ಕಪಾಟುಗಳ ಒಳಗೆ 32 ಮಿಮೀಗೊಂದರಂತೆ ತೂತಿನ ಸಾಲು ಇರುತ್ತದಲ್ಲ, ಅದೇ ತೂತಿಗೆ. ಡ್ರಾಯರ್ ಚಾನೆಲ್‌ಗೆ ತಲೆ ಚಪ್ಪಟೆಯಾಗಿ ಕೂರುವ ಸ್ಕ್ರೂ ಬೇಕು, ತಲೆ ಉಬ್ಬಿದ್ದರೆ ಒಳಗಿನ ಪಟ್ಟಿ ತಾಗಿ ಕರ್ರ್ ಅನ್ನುತ್ತದೆ. ಚಾನೆಲ್ ಜೊತೆ ಬಂದ ಸ್ಕ್ರೂ ಬಿಸಾಕಬೇಡಿ, ಸಾಮಾನ್ಯವಾಗಿ ಅದೇ ಸರಿಯಾದದ್ದು.

ಮೇಲಿನ ಕಪಾಟನ್ನು ಗೋಡೆಗೆ ನೇತುಹಾಕುವಾಗ ಕಪ್ಪು ಸ್ಕ್ರೂ ಹಾಕಲು ಯಾರಾದರೂ ಬಂದರೆ ನಿಲ್ಲಿಸಿ. ಕೆಳಗೆ ನಿಂತು ಅಡುಗೆ ಮಾಡುವವರ ತಲೆಯ ಪ್ರಶ್ನೆ ಅದು. 10 ನಂಬರಿನ 75 ಮಿಮೀ ಸ್ಕ್ರೂ, ಗೋಡೆಯ ತೂತಿಗೆ ತುರುಕಲು ಅದಕ್ಕೆ ತಕ್ಕ ಪ್ಲಗ್, ಹಿಂದೆ ದಪ್ಪ ಪ್ಲೈ ಪಟ್ಟಿ. 6 ಮಿಮೀ ಹಿಂಬದಿ ಪ್ಲೈ ಮೇಲೆ ಭಾರ ಬಿಡಬಾರದು. ಹಗುರ ಎಎಸಿ ಬ್ಲಾಕ್ ಗೋಡೆಯಾದರೆ ಮಾಮೂಲಿ ಪ್ಲಗ್ ಕಿತ್ತು ಬರುತ್ತದೆ, ಆ ಬ್ಲಾಕಿಗೆ ಅಂತಲೇ ಬರುವ ಆಂಕರ್ ತರಿಸಿ.

ಆಚಾರಿಗೆ ಹೇಳುವುದು ಹೇಗೆ? ಕೆಲಸ ಶುರುವಾದ ಮೇಲೆ ಹೇಳಿದರೆ ಮುಖ ಊದಿಸಿಕೊಳ್ಳುತ್ತಾರೆ, "ಇಪ್ಪತ್ತು ವರ್ಷದಿಂದ ಇದೇ ಹಾಕ್ತಿದೀನಿ" ಅನ್ನುವುದೂ ಬರುತ್ತದೆ. ರೇಟು ಮಾತಾಡುವಾಗಲೇ ಹೇಳಿ: "ಸ್ಕ್ರೂ ನಾನೇ ತಂದುಕೊಡ್ತೀನಿ, ತೂತು ಕೊರೆದು ಹಾಕಿ, ಅದಕ್ಕೆ ಹಿಡಿಯೋ ಟೈಮ್ ರೇಟಿಗೆ ಸೇರಿಸಿಕೊಳ್ಳಿ." ತೂತು ಕೊರೆಯುವುದು ನಿಜವಾಗಿಯೂ ಹೆಚ್ಚು ಹೊತ್ತು ಹಿಡಿಯುವ ಕೆಲಸ. ಚದರಡಿ ಲೆಕ್ಕದಲ್ಲಿ ದುಡ್ಡು ಕೊಡುವ ನಾವು ಆ ಹೊತ್ತಿಗೆ ಏನೂ ಕೊಡುವುದಿಲ್ಲ, ಅವರೂ ಕೊರೆಯುವುದಿಲ್ಲ. ಬೆಂಗಳೂರಿನವರಾದರೆ ಎಸ್.ಪಿ. ರಸ್ತೆಯ ಕಡೆ ಒಂದು ಸಲ ಹೋಗಿ ಡಬ್ಬಿಗಟ್ಟಲೆ ತಂದರೆ ಬಿಡಿ ಬೆಲೆಗಿಂತ ಅಗ್ಗ ಬೀಳುತ್ತದೆ. 8 ನಂಬರಿನ 50, 30 ಮತ್ತು 6 ನಂಬರಿನ 16, 25, ಇಷ್ಟಿದ್ದರೆ ಒಂದು ಅಡುಗೆಮನೆ ಎದ್ದು ನಿಲ್ಲುತ್ತದೆ.

ಈಗಾಗಲೇ ಕೆಟ್ಟಿದ್ದರೆ

ಮುರಿದ ಸ್ಕ್ರೂ ಒಳಗಿದ್ದರೆ ಅಗೆಯಲು ಹೋಗಬೇಡಿ, ಇರುವ ಪ್ಲೈಯೂ ಹಾಳಾಗುತ್ತದೆ. ಅದನ್ನು ಅಲ್ಲೇ ಬಿಟ್ಟು ಒಂದೂವರೆ ಇಂಚು ಪಕ್ಕದಲ್ಲಿ ಹೊಸದು ಹಾಕಿ. ಸ್ಕ್ರೂ ಸುಮ್ನೆ ತಿರುಗುವ ಸಡಿಲ ತೂತಿಗೆ ಬೆಂಕಿಕಡ್ಡಿ, ಫೆವಿಕಾಲ್ ತುರುಕುವ ಮನೆಮದ್ದು ಹಗುರ ಹಿಂಜ್‌ಗೆ ನಡೆಯುತ್ತದೆ. ಭಾರದ ಜಾಗವಾದರೆ ತೂತನ್ನು 8 ಮಿಮೀಗೆ ದೊಡ್ಡದು ಮಾಡಿ, 8 ಮಿಮೀ ಮರದ ಡೋವೆಲ್‌ಗೆ (ದುಂಡು ಗೂಟಕ್ಕೆ) ಅಂಟು ಹಚ್ಚಿ ಹೊಡೆದು, ಒಂದು ರಾತ್ರಿ ಬಿಟ್ಟು, ಬೆಳಗ್ಗೆ ಅದರ ನಡುವೆ ಪೈಲಟ್ ಕೊರೆಯಿರಿ. ನೀರು ಕುಡಿದು ಉಬ್ಬಿದ ಪಾರ್ಟಿಕಲ್ ಬೋರ್ಡಿಗೆ ಮಾತ್ರ ಯಾವ ಮದ್ದೂ ಇಲ್ಲ, ಆ ಹಲಗೆ ಬದಲಿಸಿ.

ಅಕ್ಕನ ಕಪಾಟಿಗೆ ನಾನು ಸಂದಿಯನ್ನು ಎರಡು ದಿನ ಫ್ಯಾನ್ ಹಾಕಿ ಒಣಗಿಸಿ, ಹಳೇ ಅಂಟು ಕೆರೆದು, ಹೊಸ ಅಂಟು ಹಾಕಿ, ಕ್ಲ್ಯಾಂಪ್ ಬಿಗಿದು, 304ರ 50 ಮಿಮೀ ಹನ್ನೆರಡು ಸ್ಕ್ರೂ ಹಾಕಿದೆ. ಎರಡು ತೂತು ಕೊರೆದೇ ಹಾಕಿದ್ದು. ಅರ್ಧ ದಿನದ ಕೆಲಸ. ಮೇಲಿನ ಕಪಾಟುಗಳಲ್ಲೂ ಅದೇ ಕಪ್ಪು ಸ್ಕ್ರೂಗಳಿವೆ, ಒಂದೊಂದಾಗಿ ಬದಲಿಸಬೇಕು. ದೀಪಾವಳಿಗೆ ಹೋಗುವಾಗ ಡ್ರಿಲ್ ತೆಗೆದುಕೊಂಡು ಬಾ ಅಂತ ಅಕ್ಕ ಈಗಲೇ ಹೇಳಿಟ್ಟಿದ್ದಾಳೆ.